ಶ್ರಾವಕನ ಕತ್ತಿ, ಸತ್ಯಾಗ್ರಹಿಯ ವ್ರತ

ರಾಜ್ಯಕ್ಕಾಗಿ ಕತ್ತಿ ಹಿಡಿದವನು ಅಹಿಂಸಾ ಧರ್ಮವನ್ನು ಮೀರಿದಂತಾಗುತ್ತದೆಯೇ? ಮಿಜಾರು, ಮೂಡುಬಿದಿರೆ, ಬಂಟ್ವಾಳ, ಬೆಳ್ತಂಗಡಿಯ ಸೀಮೆಯಲ್ಲಿ ಈ ಪ್ರಶ್ನೆ ಬರಿಯ ತರ್ಕದ್ದಲ್ಲ. ಚೌಟರು, ಬಂಗರು, ಅಜಿಲರು ಇಲ್ಲಿ ಆಳಿದ ಜೈನ ಅರಸರು. ಬಸದಿ ಕಟ್ಟಿಸಿದ ಮನೆತನಗಳೇ ದಂಡನ್ನೂ ಸಾಕಿದ್ದವು.

ಜೈನ ಆಚಾರಶಾಸ್ತ್ರ ಇದಕ್ಕೆ ದಾರಿ ಮಾಡಿಟ್ಟಿದೆ. ಮುನಿಗೆ ವಿನಾಯಿತಿಯಿಲ್ಲದ ಮಹಾವ್ರತ, ಗೃಹಸ್ಥನಾದ ಶ್ರಾವಕನಿಗೆ ಮಿತಿಯುಳ್ಳ ಅಣುವ್ರತ. ಹಿಂಸೆಯಲ್ಲಿಯೂ ಸಂಕಲ್ಪೀ, ಆರಂಭೀ, ಉದ್ಯೋಗೀ, ವಿರೋಧೀ ಎಂಬ ನಾಲ್ಕು ಬಗೆ. ಕೊಲ್ಲಬೇಕೆಂದೇ ಕೊಲ್ಲುವ ಸಂಕಲ್ಪೀ ಹಿಂಸೆಯನ್ನು ಶ್ರಾವಕ ಪೂರ್ತಿ ಬಿಡಬೇಕು. ಅಡುಗೆ, ಗದ್ದೆ ಕೆಲಸಗಳಲ್ಲಿ ತಾನಾಗಿ ಆಗುವುದನ್ನು, ಮೇಲೆ ಬಿದ್ದವನನ್ನು ತಡೆಯುವಾಗ ಆಗುವ ವಿರೋಧೀ ಹಿಂಸೆಯನ್ನು ಬಿಡಲೇಬೇಕೆಂದಿಲ್ಲ. ಪಾಪ ತಪ್ಪದು, ಆದರೆ ವ್ರತ ಮುರಿಯದು.

ಈ ವಿಂಗಡಣೆಗೆ 1837ರ ದಂಗೆ ಒಂದು ಪರೀಕ್ಷೆ. ಕೊಡಗಿನ ಅರಸ ಚಿಕ್ಕವೀರರಾಜೇಂದ್ರನನ್ನು 1834ರಲ್ಲಿ ಇಳಿಸಿದ ಕಂಪನಿ ಸರಕಾರ ಅಮರ ಸುಳ್ಯ ಮಾಗಣೆಯನ್ನು ಆಗಿನ ಕೆನರಾ ಜಿಲ್ಲೆಗೆ ಸೇರಿಸಿ, ದವಸದಲ್ಲಿ ಸಲ್ಲುತ್ತಿದ್ದ ಕಂದಾಯವನ್ನು ನಗದಾಗಿ ಕೇಳಿತು. ಕೆದಂಬಾಡಿ ರಾಮಯ್ಯ ಗೌಡ, ಕಲ್ಯಾಣಸ್ವಾಮಿ ಮುಂದಾಳುಗಳಾದ ದಂಡು ಬಂಟ್ವಾಳದ ಮೇಲೆ ಹಾದು ಏಪ್ರಿಲ್‌ನಲ್ಲಿ ಮಂಗಳೂರನ್ನು ಹಿಡಿಯಿತು. ಅದನ್ನು ಸೇರಿದವರಲ್ಲಿ ನಂದಾವರದ ಬಂಗರಸ, ಜೈನ ಮನೆತನದವನು. ಎರಡು ವಾರದೊಳಗೆ ಊರು ಕೈತಪ್ಪಿತು, ಮುಂದಾಳುಗಳಲ್ಲಿ ಹಲವರು ಗಲ್ಲಿಗೇರಿದರು. ನೆಲ ಕಳೆದುಕೊಂಡವರ ತಿರುಗೇಟು ವಿರೋಧೀ ಹಿಂಸೆಯೆನ್ನಬಹುದು. ಆದರೆ ದಂಡು ಕಂಪನಿಯ ಕಚೇರಿಗೆ ಬೆಂಕಿಯಿಟ್ಟದ್ದು? ತಡೆಯುವುದು ಎಲ್ಲಿ ಮುಗಿದು ಸೇಡು ಎಲ್ಲಿ ಶುರುವಾಯಿತೆಂದು ಹೇಳಲು ಆ ನಾಲ್ಕು ಬಗೆಗಳು ಸಾಲವು.

ಗಾಂಧೀಜಿ ಮುನಿಗೂ ಗೃಹಸ್ಥನಿಗೂ ನಡುವಿನ ಗೆರೆಯನ್ನೇ ಅಳಿಸಹೊರಟರು. ಜೈನ ಸಾಧಕ ರಾಯಚಂದಭಾಯಿಯವರಿಂದ ಆ ಧರ್ಮದ ವಿಚಾರ ಕಲಿತಿದ್ದರೂ, ಮುನಿಯ ನಿಷ್ಠುರ ವ್ರತವನ್ನು ಚಳವಳಿಯ ಹೊತ್ತಿಗೆ ನೇಗಿಲು ಹಿಡಿದವನಿಂದಲೂ ಬಯಸಿದರು. ಹೇಡಿತನಕ್ಕಿಂತ ಹಿಂಸೆಯೇ ಮೇಲೆಂದು 1920ರಲ್ಲಿ ಬರೆದವರೂ ಅವರೇ. ಉಳಿಯಲಾರದೆ ನರಳುತ್ತಿದ್ದ ಕರುವನ್ನು 1928ರಲ್ಲಿ ಸಾಬರಮತಿಯಲ್ಲಿ ಕೊಲ್ಲಿಸಿದಾಗ ಜೈನರೇ ಹೆಚ್ಚು ಸಿಡಿದೆದ್ದರು: ಗಾಂಧೀಜಿಗೆ ಅಹಿಂಸೆ ಕರುಣೆಯ ಕೆಲಸ, ಶಾಸ್ತ್ರಕ್ಕೆ ಅದು ಮೊದಲು ಕೈ ತಡೆಯುವ ಸಂಯಮ.

ದಕ್ಷಿಣ ಕನ್ನಡ ಜಿಲ್ಲೆಯಲ್ಲಿ ಗಾಂಧೀಜಿಯ ಸತ್ಯಾಗ್ರಹದ ಕರೆಗೆ ಓಗೊಟ್ಟವರಲ್ಲಿ ಮೊದಲಿಗರು ಮಂಗಳೂರಿನ ವಕೀಲ ಕಾರ್ನಾಡ್ ಸದಾಶಿವ ರಾವ್ (1881–1937). ಅವರು ಜೈನರಲ್ಲ. ಆದರೂ ಅವರ ಬಾಳಿನಲ್ಲಿ ಅಹಿಂಸೆಗಿಂತ ಅಪರಿಗ್ರಹವೇ, ಆಸ್ತಿಯನ್ನು ಬಿಡುವ ವ್ರತವೇ, ದುಬಾರಿಯಾಯಿತು. ಸೆರೆವಾಸ ಅನುಭವಿಸಿದರು, ಆಸ್ತಿಯನ್ನೆಲ್ಲ ಚಳವಳಿಗೆ ಸುರಿದರು, ಬಡತನದಲ್ಲಿ ಮುಂಬಯಿಯಲ್ಲಿ ತೀರಿಕೊಂಡರು. ಶ್ರಾವಕನಿಗೆ ಹೇಳಿರುವುದು ಪರಿಗ್ರಹದ ಪರಿಮಾಣ ಮಾತ್ರ: ಇಷ್ಟು ಸಾಕೆಂದು ಗೆರೆ ಎಳೆದುಕೊಂಡು, ಉಳಿದದ್ದನ್ನು ಬಿಡುವುದು. ನಂಬಿ ಬದುಕುವವರಿರುವ ಗೃಹಸ್ಥನಿಗೆ ಆ ಗೆರೆ ಬೇಕೆಂಬುದು ಶಾಸ್ತ್ರದ ಎಣಿಕೆ. ಸದಾಶಿವ ರಾಯರನ್ನು ಕೊಂಡಾಡುವ ಬರಹಗಳು ತ್ಯಾಗವನ್ನು ಹೊಗಳಿ ಮುಂದೆ ಸಾಗುತ್ತವೆ. ಗೃಹಸ್ಥನೊಬ್ಬ ಆ ಗೆರೆಯನ್ನೂ ದಾಟಬಹುದೇ ಎಂಬ ಪ್ರಶ್ನೆಗೆ ಅವು ಕೈ ಹಾಕುವುದು ಅಪರೂಪ.