ವೈದ್ಯನ ಮನೋವ್ಯಥೆ

ಪರರ ವ್ಯಾಧಿಯನ್ನು ನೀಗುವವನ ಮನಸ್ಸೇ ಕುಗ್ಗಿದಾಗ ಅದನ್ನು ಅವನ ಅಧೈರ್ಯವೆಂದು ಎಣಿಸುವುದು ನ್ಯಾಯವೇ? 2020ರಲ್ಲಿ ಕೊರೋನಾ ಮಹಾಮಾರಿಯು ಲೋಕವನ್ನು ವ್ಯಾಪಿಸಿದಾಗ ಈ ಪ್ರಶ್ನೆಯು ಕೇವಲ ತರ್ಕದ ವಿಷಯವಾಗಿ ಉಳಿಯಲಿಲ್ಲ. ಆ ವರ್ಷದ ಆರಂಭದಲ್ಲಿ ಚೀನಾದೇಶದ 34 ಆಸ್ಪತ್ರೆಗಳ 1,257 ಮಂದಿ ವೈದ್ಯರನ್ನೂ ದಾದಿಯರನ್ನೂ ವಿಚಾರಿಸಲಾಗಿ, ಅರ್ಧದಷ್ಟು ಜನರಲ್ಲಿ ಖಿನ್ನತೆಯ ಲಕ್ಷಣಗಳೂ ಮೂರರಲ್ಲೊಂದು ಪಾಲಿನವರಲ್ಲಿ ನಿದ್ರಾಹೀನತೆಯೂ ಕಂಡುಬಂದವು. ಇವರೆಲ್ಲರೂ ಅಧೀರರೆಂದು ಹೇಳುವ ಸಾಹಸವನ್ನು ಬಲ್ಲವರಾರೂ ಮಾಡಲಾರರು.

ದುಡಿಮೆಯ ಆಯಾಸವಷ್ಟೇ ಆಗಿದ್ದರೆ ನಿದ್ರೆಯಿಂದ ನೀಗಬಹುದಾಗಿತ್ತು. ಆದರೆ ಇಟಲಿಯ ಲೊಂಬಾರ್ದಿಯಂಥ ಕಡೆಗಳಲ್ಲಿ ಉಸಿರಾಟದ ಯಂತ್ರಗಳು ಸಾಲದೆ ಹೋದಾಗ, ಯಾರಿಗೆ ಕೊಡಬೇಕು, ಯಾರಿಗೆ ಬಿಡಬೇಕು ಎಂದು ನಿರ್ಣಯಿಸಬೇಕಾದವನ ಸಂಕಟವು ಬೇರೆ. ಬಂಧುಗಳಾರೂ ಬಳಿಗೆ ಬರಲಾಗದೆ ಸಾಯುತ್ತಿರುವವನ ಕೈ ಹಿಡಿದು ಕುಳಿತ ದಾದಿಯ ಸಂಕಟವು ಬೇರೆ. ಧರ್ಮವೆಂದು ಅರಿತುದನ್ನು ಆಚರಿಸಲಾಗದೆ ಹೋದ ನೋವು ಇದು; ಅಂತಃಕರಣವುಳ್ಳವನಿಗೇ ಇದು ಆಳವಾಗಿ ತಾಗುತ್ತದೆ. ಹೀಗಿರಲು ಇದನ್ನು ದೌರ್ಬಲ್ಯವೆಂದು ಕರೆಯುವುದಾದರೂ ಹೇಗೆ?

ನಮ್ಮ ದೇಶದಲ್ಲಿ 2020ರ ಮಾರ್ಚ್ 22ರ ಸಂಜೆ ಜನರು ಚಪ್ಪಾಳೆ ತಟ್ಟಿ, ತಟ್ಟೆ ಬಡಿದು ವೈದ್ಯರನ್ನು ಕೊಂಡಾಡಿದರು. ಅದೇ ದಿನಗಳಲ್ಲಿ, ಸೋಂಕು ತಂದಾರೆಂಬ ಭಯದಿಂದ, ಅಂಥವರನ್ನು ಬಾಡಿಗೆ ಮನೆಗಳಿಂದ ಹೊರಡಿಸಿದ್ದೂ ಉಂಟು. ದೇವರೆಂದು ಕರೆದು ಬಾಗಿಲು ಮುಚ್ಚುವುದು ಎಂಥ ಭಕ್ತಿಯೋ! ಅದಂತಿರಲಿ, ದೇವರೆನಿಸಿಕೊಂಡವನು ತನಗೂ ದಣಿವಾಗಿದೆಯೆಂದು ಯಾರೊಡನೆ ಹೇಳಿಕೊಳ್ಳಬೇಕು? ಕಾಯಕನಿಷ್ಠೆಯನ್ನು ಮುಂದಿಟ್ಟು ಅವನ ಬಾಯಿ ಕಟ್ಟುವವರೂ ಉಂಟು. ಕಾಯಕವು ದುಡಿಯುವವನು ತಾನಾಗಿ ಒಪ್ಪಿ ನಡೆಸುವ ವ್ರತವೇ ಹೊರತು, ಅವನಿಂದ ಸೇವೆ ಪಡೆಯುವವರು ಅವನ ಮೇಲೆ ಹೇರುವ ಸುಂಕವಲ್ಲ.

ಬಾಯಿ ಕಟ್ಟಿದ ವ್ಯಥೆಯು ಎಲ್ಲಿಗೆ ಒಯ್ಯುವುದೆಂಬುದಕ್ಕೆ ನ್ಯೂಯಾರ್ಕ್ ನಗರದ ವೈದ್ಯೆ ಲೋರ್ನಾ ಬ್ರೀನ್ ಅವರ ಜೀವನವು ನಿದರ್ಶನವಾಗಿದೆ. ಒಂದು ಆಸ್ಪತ್ರೆಯ ತುರ್ತುಚಿಕಿತ್ಸಾ ವಿಭಾಗದ ಮುಖ್ಯಸ್ಥೆಯಾಗಿದ್ದ ಅವರು ತಾವೇ ಸೋಂಕಿಗೊಳಗಾಗಿ, ಗುಣಹೊಂದಿ ಮರಳಿ ಕೆಲಸಕ್ಕೆ ಬಂದು, ಮನಸ್ಸು ಕುಸಿದು 2020ರ ಏಪ್ರಿಲಿನಲ್ಲಿ ಆತ್ಮಹತ್ಯೆಗೆ ಬಲಿಯಾದರು. ಮನೋವ್ಯಥೆಗೆ ಚಿಕಿತ್ಸೆ ಪಡೆದರೆ ವೃತ್ತಿಗೇ ಕುಂದು ಬರುವುದೆಂದು ಅವರು ಅಂಜಿದ್ದರೆಂದು ಕುಟುಂಬದವರು ಹೇಳಿದ್ದಾರೆ. ಆ ಅಂಜಿಕೆಯು ನಿರಾಧಾರವಾದುದಲ್ಲ. ಹಿಂದೆಂದಾದರೂ ಮನೋರೋಗಕ್ಕೆ ಚಿಕಿತ್ಸೆ ಪಡೆದುದುಂಟೇ ಎಂಬ ಪ್ರಶ್ನೆಯು ಅಮೆರಿಕದ ಹಲವು ರಾಜ್ಯಗಳ ವೈದ್ಯಪರವಾನಗಿಯ ಅರ್ಜಿಗಳಲ್ಲಿತ್ತು. 2022ರ ಮಾರ್ಚಿನಲ್ಲಿ ವೈದ್ಯಸಿಬ್ಬಂದಿಯ ಮನೋರಕ್ಷಣೆಗಾಗಿ ಅವರ ಹೆಸರಿನಲ್ಲಿಯೇ ಒಂದು ಕಾನೂನಾಯಿತು. ಅರ್ಜಿಯ ಆ ಪ್ರಶ್ನೆಯನ್ನು ತೆಗೆಯುವುದು ಮಾತ್ರ ಒಂದೊಂದು ರಾಜ್ಯಕ್ಕೂ ಬಿಟ್ಟ ವಿಷಯ. ಹಲವು ರಾಜ್ಯಗಳು ಈಚೆಗೆ ಅದನ್ನು ತೆಗೆದುಹಾಕಿವೆ.