ಎಕ್ಕೆಗಿಡದ ಹುಳು ಮತ್ತು ಭ್ರಮರ-ಕೀಟ ನ್ಯಾಯ

ಕುರ್ತಕೋಟಿ ಸೀಮೆಯ ಹೊಲದ ಬದುಗಳಲ್ಲಿ ಚಿಟ್ಟೆಗಳನ್ನು ಗಮನಿಸುವ ಹವ್ಯಾಸಿಗೆ, ಎಕ್ಕೆಯ ಎಲೆ ಮೇಯುವ ಪಟ್ಟೆಪಟ್ಟೆಯ ಹುಳು ಆ ಗಿಡದ ವಿಷವನ್ನೇ ಮೈಗೂಡಿಸಿಕೊಂಡು, ಕೋಶಕಟ್ಟಿ, ಕಿತ್ತಳೆ ರೆಕ್ಕೆಯ ಚಿಟ್ಟೆಯಾಗುವುದನ್ನು ಕಂಡಾಗ ಒಂದು ಇನ್ನೊಂದಾಗುವುದು ಹೇಗೆಂಬ ಹಳೆಯ ತಾತ್ತ್ವಿಕ ಪ್ರಶ್ನೆ ಎದುರಾಗುತ್ತದೆ. ಧ್ಯಾನಿಸುವವನು ಧ್ಯೇಯವೇ ಆಗುತ್ತಾನೆಂಬುದನ್ನು ವೇದಾಂತಿಗಳು ಭ್ರಮರ-ಕೀಟ ನ್ಯಾಯದಿಂದ, ಅಂದರೆ ಗೂಡಿನಲ್ಲಿ ಸೆರೆಯಾದ ಹುಳು ಭ್ರಮರವನ್ನೇ ನೆನೆಯುತ್ತ ಭ್ರಮರವಾಗುತ್ತದೆಂಬ ದೃಷ್ಟಾಂತದಿಂದ ವಿವರಿಸುತ್ತಾರೆ. ವಾಸ್ತವದಲ್ಲಿ, ಇಲ್ಲಿ ಭ್ರಮರವೆನಿಸಿಕೊಂಡ ಕಣಜವು ಕುಟುಕಿ ನಿಶ್ಚೇಷ್ಟಗೊಳಿಸಿ ಮಣ್ಣುಗೂಡಿನಲ್ಲಿ ತಂದಿಟ್ಟ ಹುಳುವನ್ನು ಕಣಜದ ಮರಿ ತಿಂದು ಬೆಳೆಯುತ್ತದೆ. ಇಷ್ಟರಿಂದ ನ್ಯಾಯವೇ ಸುಳ್ಳಾಯಿತೆನ್ನುವುದು ಅವಸರದ ಮಾತು. ಸಾಧಕನ ಏಕಾಗ್ರತೆಯನ್ನು ತೋರಿಸುವುದಷ್ಟೇ ಅದರ ಕೆಲಸ. ಆದರೆ ಚಿಟ್ಟೆಯ ಕೋಶದೊಳಗೆ ಹುಳುವಿನ ಬಹಳಷ್ಟು ಅಂಗಾಂಶ ಕರಗಿ, ಅದರ ಮೈಯಲ್ಲಿ ಮೊದಲೇ ಅಡಗಿದ್ದ ಜೀವಕೋಶಗಳ ಗುಚ್ಛಗಳಿಂದ ರೆಕ್ಕೆಗಳು ಮೂಡುವುದರಿಂದ, ಕಾರ್ಯವು ಕಾರಣದಲ್ಲಿ ಮೊದಲೇ ಇರುತ್ತದೆಂಬ ಸಾಂಖ್ಯರ ಸತ್ಕಾರ್ಯವಾದಕ್ಕೆ ಈ ಎಕ್ಕೆಯ ಹುಳುವೇ ಹೆಚ್ಚು ಸಮರ್ಪಕವಾದ ನಿದರ್ಶನವಾಗಿದೆ.