ಮೌನವೂ ಒಂದು ಉತ್ತರವೆ?

‘ಇಲ್ಲ’ ಎಂದುಬಿಡುವುದು ಹೆಚ್ಚು ಕಠಿನವೋ, ಏನನ್ನೂ ಹೇಳದೆ ಸುಮ್ಮನಿರುವುದು ಹೆಚ್ಚು ಕಠಿನವೋ? ಪ್ರಶ್ನೆ ಹಳೆಯದು. ಈಗ ಅದನ್ನು ದಿನವೂ ನಮ್ಮ ಮುಂದಿಡುತ್ತಿರುವುದು ಗಣಕಯಂತ್ರ.

2024ರಲ್ಲಿ ಉಂಡೆ ಕೊಬ್ಬರಿಯನ್ನು ಕ್ವಿಂಟಲಿಗೆ 12,000 ರೂಪಾಯಿಯ ಬೆಂಬಲ ಬೆಲೆಗೆ ಮಾರಲು, ತಿಪಟೂರು ತುರುವೇಕೆರೆಗಳ ಕಡೆಯ ರೈತರು ಹೆಸರು ನೋಂದಾಯಿಸಲೆಂದು ಸಾಲುಗಟ್ಟಿ ನಿಂತರು. ಇಂಥ ಯಾವುದೇ ಸಾಲಿನ ತುದಿಯಲ್ಲಿ, ತೆರೆಯ ಮೇಲೆ ಚಕ್ರ ಸುತ್ತಿ ಸುತ್ತಿ ‘ಸಂಪರ್ಕದ ಅವಧಿ ಮೀರಿತು’ ಎಂಬ ವಾಕ್ಯ ಮೂಡಿದೊಡನೆ, ಮೇಜಿನ ಹಿಂದಿನವರು ಹೇಳುವ ಮಾತು ಒಂದೇ: “ಸರ್ವರ್ ಇಲ್ಲ, ನಾಳೆ ಬನ್ನಿ.”

ಕನ್ನಡ ಪಾಠ ಹೇಳುವ ನನಗೆ ಈ ‘ಇಲ್ಲ’ದ ಮೇಲೆ ಅನುಮಾನ. ನಮಗೆ ತಿಳಿದಿರುವುದು ಉತ್ತರ ಬಂದಿಲ್ಲವೆಂಬುದು ಮಾತ್ರ, ಉತ್ತರಿಸುವವನೇ ಇಲ್ಲವೆಂಬುದಲ್ಲ.

ಯಂತ್ರಗಳ ಸಂಭಾಷಣೆಗೆ ಒಂದು ನಿಯಮವುಂಟು. ವಿಂಟ್ ಸರ್ಫ್ ಮತ್ತು ರಾಬರ್ಟ್ ಕಾನ್ 1974ರಲ್ಲಿ ಪ್ರಕಟಿಸಿದ ವಿಚಾರದಿಂದ ಅದು ಬೆಳೆಯಿತು. ನಮ್ಮ ಯಂತ್ರ ‘ಮಾತನಾಡಬಹುದೆ?’ ಎನ್ನುತ್ತದೆ, ಆ ಕಡೆಯದು ‘ಆಗಬಹುದು’ ಎನ್ನುತ್ತದೆ, ನಮ್ಮದು ‘ಸರಿ’ ಎಂದ ಮೇಲೆ ಮಾತು ಮೊದಲು. ಒಲ್ಲದ ಯಂತ್ರ ‘ಆಗದು’ ಎಂದು ತಕ್ಷಣ ತಿಳಿಸಲೂಬಹುದು. ಏನೂ ಕೇಳಿಸದಿದ್ದರೆ ನಮ್ಮ ಯಂತ್ರ ಮತ್ತೆ ಕೇಳುತ್ತದೆ. ಲಿನಕ್ಸ್ ವ್ಯವಸ್ಥೆಯಲ್ಲಿ ಬಹುಕಾಲ ನಡೆದುಬಂದ ರೂಢಿಯಂತೆ, ಮೊದಲು 1 ಸೆಕೆಂಡು, ಆಮೇಲೆ 2, 4, 8, ಹೀಗೆ 64ರವರೆಗೆ ಇಮ್ಮಡಿಸುತ್ತ, ಒಟ್ಟು 127 ಸೆಕೆಂಡು ಕಾದು ಕೈಬಿಡುತ್ತದೆ. ಇಮ್ಮಡಿಸುವುದೇಕೆ? ದಾರಿಯಲ್ಲಿ ನೂಕುನುಗ್ಗಲಿದ್ದರೆ ತಾನೂ ಅದನ್ನು ಹೆಚ್ಚಿಸಬಾರದೆಂದು. ಕೆರಳಿ ಗುಂಡಿ ಒತ್ತುವ ಮನುಷ್ಯನಿಗಿಂತ ಅದಕ್ಕೆ ಸಂಯಮ ಹೆಚ್ಚು.

ಆದುದರಿಂದ ಪರೀಕ್ಷೆ ನಮ್ಮ ಕಡೆಯಿಂದಲೇ ಮೊದಲಾಗಬೇಕು. ಬೇರೆ ಯಾವ ಪುಟವೂ ತೆರೆಯದಿದ್ದರೆ ದೋಷ ನಮ್ಮ ತಂತಿಯದೋ ವೈಫೈ ಪೆಟ್ಟಿಗೆಯದೋ ಇರಬಹುದು. ಪೆಟ್ಟಿಗೆಯನ್ನು ಆರಿಸಿ ಮತ್ತೆ ಹಾಕಿ ನೋಡಬೇಕು. ಇದೊಂದೇ ಪುಟ ತೆರೆಯದಿದ್ದರೆ ಮೊಬೈಲಿನ ಸಂಪರ್ಕದಿಂದ ಯತ್ನಿಸಬೇಕು. ಅಲ್ಲಿ ತೆರೆದರೆ ತೊಡಕು ನಮ್ಮ ದಾರಿಯಲ್ಲಿ. ಅಲ್ಲಿಯೂ ಮೌನವಾದರೆ ಬಹುಮಟ್ಟಿಗೆ ಆ ಕಡೆಯಲ್ಲಿ. ಐದು ನಿಮಿಷದ ಈ ಶ್ರಮವನ್ನು ಉಳಿಸಿಕೊಂಡವನು ರೈತನ ಒಂದು ದಿನವನ್ನು ಕಳೆದಂತಾಯಿತು.

ಬೇಕೆಂದೇ ಮಾಡುವ ಮೌನವೂ ಉಂಟು. ಫೈರ್‌ವಾಲ್ ಎಂಬ ಕಾವಲು ವ್ಯವಸ್ಥೆ, ಬೇಡದ ಕರೆಗೆ ‘ಆಗದು’ ಎನ್ನಬಹುದು. ಸದ್ದಿಲ್ಲದೆ ಅದನ್ನು ಬಿಸುಡಲೂಬಹುದು. ಒಳಗೆ ಯಾರಿದ್ದಾರೆಂದು ಕಳ್ಳನಿಗೆ ತಿಳಿಯದಿರಲೆಂದು ಎರಡನೆಯದನ್ನು ಆರಿಸುವವರಿದ್ದಾರೆ. ಕಳ್ಳನ ವಿಷಯದಲ್ಲಿ ಅದು ನ್ಯಾಯವೇ. ಆದರೆ ಹಕ್ಕಿನಿಂದ ಕೇಳಬಂದವನಿಗೂ ಅದೇ ಮೌನ ಸಲ್ಲುವುದೆ?

ಸಲ್ಲದೆಂದು ನಮ್ಮ ರಾಜ್ಯದ ಕಾನೂನೇ ಒಪ್ಪಿದೆ. 2011ರ ‘ಸಕಾಲ’ ಅಧಿನಿಯಮವು ತನ್ನ ಪಟ್ಟಿಯ ಸೇವೆಗಳಿಗೆ ಅವಧಿಯನ್ನು ಗೊತ್ತುಮಾಡಿತು. ತಿರಸ್ಕರಿಸುವುದಾದರೆ ಕಾರಣವನ್ನು ಬರೆದು ತಿಳಿಸಬೇಕೆಂದಿತು. ಅದರ ಸಾರ ಇಷ್ಟೆ: ‘ಆಗದು’ ಎನ್ನಿ, ಆದರೆ ಸುಮ್ಮನಿರಬೇಡಿ.

‘ಆಗದು’ ಎಂದರೆ ಕೇಳಿದವನು ನೊಂದುಕೊಂಡರೂ ಬೇರೆ ದಾರಿ ಹುಡುಕುತ್ತಾನೆ, ಕಾರಣ ಕೇಳುತ್ತಾನೆ, ಮೇಲಿನವರಿಗೆ ದೂರುತ್ತಾನೆ. ಮೌನ ಅವನನ್ನು ಕಟ್ಟಿಹಾಕುತ್ತದೆ. ಕಾಯುವ ಖರ್ಚೆಲ್ಲ ಅವನದೇ. ಉತ್ತರಿಸಬೇಕಾದ ಸ್ಥಾನದಲ್ಲಿರುವವನು, ಗುಮಾಸ್ತನಾಗಲಿ, ಮೇಷ್ಟರಾಗಲಿ, ಊರಿಗೆ ಕಾಗದ ಬರೆಯದ ಮಗನಾಗಲಿ, ‘ಹೌದು’ ಎನ್ನಲಾರದಾಗ ‘ಇಲ್ಲ’ ಎನ್ನುವಷ್ಟು ಋಣವನ್ನಾದರೂ ತೀರಿಸಬೇಕು.